ಎದೆಮೂಳೆಯ ಮೇಲಿನ ಜಡ್ಡು

ನನ್ನ ಎದೆಯ ಮೇಲೆ ಎದ್ದ ಗಂಟನ್ನು ನಾನು ಮೂರು ತಿಂಗಳು ಕಂಡಕಂಡವರಿಗೆಲ್ಲ ಅಂಗಿಯ ಗುಂಡಿ ಬಿಚ್ಚಿ ತೋರಿಸಿದೆ. ಅದೂ ಹೆಮ್ಮೆಯಿಂದ. ಇದನ್ನು ಬರೆಯುವಾಗಲೂ ನನಗೆ ಹೇಸಿಗೆಯಾಗುತ್ತದೆ. ಆದರೆ ಇಲ್ಲಿಂದಲೇ ಶುರು ಮಾಡಬೇಕು, ಉಳಿದ ಹೊಲಸೆಲ್ಲ ಈ ಹೆಮ್ಮೆಯ ಹಿಂದೆಯೇ ಬಂತು.

ನಾನು ಹಣಮಂತ, ಶಹಾಪುರದ ಒಂದು ಹೈಸ್ಕೂಲಿನಲ್ಲಿ ಗುಮಾಸ್ತ. ಊರು ತಿಂಥಣಿಯ ಹತ್ತಿರ, ಕೃಷ್ಣೆಯ ದಂಡೆ. ನಮ್ಮದು ಮೀನು ಹಿಡಿಯುವ ಮನೆತನ. ಅಣ್ಣ ಮೌನಪ್ಪ ಈಗಲೂ ಹರಿಗೋಲು ಹಾಕಿಕೊಂಡು ಹೊಳೆಗಿಳಿಯುತ್ತಾನೆ. ಅವನ ಹೆಂಡತಿ, ನಮ್ಮ ದುರ್ಗಮ್ಮ ವೈನಿ, ಆ ಮೀನನ್ನು ಬುಟ್ಟಿಯಲ್ಲಿ ಹೊತ್ತು ಸುರಪುರದ ಬಜಾರಿನಲ್ಲಿ ಕೂತು ಮಾರುತ್ತಾಳೆ. ಅವರಿಗೆ ಏಳು ವರ್ಷದ ಒಬ್ಬಳೇ ಮಗಳು, ಗಂಗಿ. ಪಿಯುಸಿ ಓದಿ ಕುರ್ಚಿ ಹಿಡಿದವನು ಮನೆತನದಲ್ಲಿ ನಾನೊಬ್ಬನೇ.

ಹರಿಗೋಲು ನಡೆಸುವುದನ್ನು ನೋಡದವರಿಗೆ ಎರಡು ಮಾತು ಹೇಳುತ್ತೇನೆ. ಅದೊಂದು ದುಂಡನೆಯ ದೊಡ್ಡ ಬುಟ್ಟಿ. ಮುಂಭಾಗದಲ್ಲಿ ಮೊಣಕಾಲೂರಿ, ಎದೆಯನ್ನು ಅಂಚಿಗೆ ಒತ್ತಿ, ಬಾಗಿ, ಮರದ ಹುಟ್ಟಿನಿಂದ ನೀರನ್ನು ನಮ್ಮ ಕಡೆ ಎಳೆಯಬೇಕು. ವರ್ಷಗಟ್ಟಲೆ ಹಾಗೆ ಒತ್ತಿ ಒತ್ತಿ ಎದೆಯ ನಟ್ಟನಡುವೆ, ಮೂಳೆಯ ಮೇಲೆ, ಚರ್ಮ ದಪ್ಪಗಟ್ಟುತ್ತದೆ. ನಮ್ಮ ಓಣಿಯ ಗಂಡಸರು ಅದನ್ನು ಜಡ್ಡು ಎನ್ನುತ್ತಾರೆ. ದಂಡೆಯಲ್ಲಿ ಮೈ ತೊಳೆಯುವಾಗ ಒಬ್ಬರ ಎದೆಯನ್ನೊಬ್ಬರು ಓರೆಗಣ್ಣಿನಿಂದ ನೋಡುತ್ತಾರೆ. ಅಪ್ಪನಿಗೆ ಅಂಗೈ ಅಗಲದ ಜಡ್ಡಿತ್ತು, ಅಣ್ಣನಿಗೂ ಇದೆ. ನನ್ನ ಎದೆ ಮಾತ್ರ ನುಣ್ಣಗಿತ್ತು. ಅದಕ್ಕಾಗಿ ನನ್ನನ್ನು ಎಷ್ಟು ಆಡಿಕೊಂಡಿದ್ದಾರೆಂದರೆ, ನಲವತ್ತರ ಹತ್ತಿರ ಬಂದರೂ ಊರಲ್ಲಿ ಬನಿಯನ್ ತೆಗೆಯಲು ನನಗೆ ನಾಚಿಕೆ.

ಹೋದ ವರ್ಷದ ಬೇಸಿಗೆಯಿಂದ ಪ್ರತಿ ಭಾನುವಾರ ಊರಿಗೆ ಹೋಗಿ ಅಣ್ಣನ ಜೊತೆ ಹೊಳೆಗಿಳಿಯತೊಡಗಿದೆ. ನಾನು ಹುಟ್ಟು ಹಾಕುವುದು, ಅವನು ಬಲೆ ಬಿಡುವುದು. ಮಳೆಗಾಲ ಮುಗಿಯುವ ಹೊತ್ತಿಗೆ ಎದೆಮೂಳೆಯ ಮೇಲೆ, ಸ್ವಲ್ಪ ಎಡಕ್ಕೆ, ಹುಣಸೆಬೀಜದಷ್ಟು ಉಬ್ಬು ಕಾಣಿಸಿತು. ನೋವಿರಲಿಲ್ಲ, ಕೆಂಪಾಗಿರಲಿಲ್ಲ. ಅಣ್ಣ ಹೆಬ್ಬೆರಳಿನಿಂದ ಒತ್ತಿ ನೋಡಿ ನಕ್ಕ.

"ಏನಲೇ ಹಣಮ್ಯಾ, ಜಡ್ಡು ಬಂತಲ್ಲೋ! ಈಗ ನಮ್ಮವ ಆದಿ ನೋಡು."

ಅವತ್ತು ನನಗಾದ ಖುಷಿ ನೌಕರಿಯ ಆರ್ಡರು ಬಂದ ದಿನವೂ ಆಗಿರಲಿಲ್ಲ. ಮರುದಿನವೇ ಆಫೀಸಿನಲ್ಲಿ ಜವಾನನಿಗೆ ತೋರಿಸಿದೆ, ಆಮೇಲೆ ಡ್ರಿಲ್ ಮಾಸ್ತರರಿಗೆ. ಚಹಾದಂಗಡಿಯವನಿಗೂ ತೋರಿಸಿದೆ, ಅವನು ಕೇಳಿಯೂ ಇರಲಿಲ್ಲ. ಗಂಟು ಅರ್ಧ ನಿಂಬೆಹಣ್ಣಿನಷ್ಟಾಯಿತು. ಜಡ್ಡು ಗಟ್ಟಿಯಾಗಿರಬೇಕು, ಇದು ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತಿತ್ತು. ಅದು ಕೂಡ ನನಗೆ ಹೊಳೆಯಲಿಲ್ಲ. ಸಂಜೆ ಸಂಜೆ ಜ್ವರ ಬರುತ್ತಿತ್ತು, ಪ್ಯಾಂಟು ಸೊಂಟದಿಂದ ಜಾರುತ್ತಿತ್ತು. ನನ್ನ ಹೆಂಡತಿ ಶರಣಮ್ಮ ದಿನಾ ಒಂದೇ ಮಾತು ಹೇಳುತ್ತಿದ್ದಳು.

"ಇದು ಜಡ್ಡಲ್ರಿ, ಮತ್ತೇನೋ ಅದ. ದವಾಖಾನಿಗೆ ನಡೀರಿ."

"ನಿನಗೇನ ತಿಳೀತದ? ನಿಮ್ಮ ಮನಿತನದಾಗ ಯಾರರ ಅರಗೋಲ ಮುಟ್ಯಾರೇನು?" ಎಂದು ಅವಳ ಬಾಯಿ ಮುಚ್ಚಿಸಿದೆ. ಅವಳ ತವರು ವನದುರ್ಗ, ಒಣಭೂಮಿಯವರು ಎಂಬ ಸೊಕ್ಕು ನನಗೆ. ಊರಿನ ಒಬ್ಬ ಹಿರಿಯರು ಔಡಲ ಎಲೆ ಕಾಸಿ ಕಟ್ಟಿದರು. ಓಣಿಯ ಡಾಕ್ಟರು ವಾರಕ್ಕೊಂದು ಇಂಜೆಕ್ಷನ್ ಚುಚ್ಚಿದರು. ಗಂಟು ಮಾತ್ರ ಬೆಳೆಯುತ್ತ ಹೋಯಿತು.

ಅದು ಒಡೆದದ್ದು ಆಫೀಸಿನಲ್ಲಿ, ಬೆಳಗಿನ ಹನ್ನೊಂದಕ್ಕೆ. ಒಬ್ಬ ತಾಯಿ ಮಗಳ ಟಿ.ಸಿ. ತೆಗೆದುಕೊಳ್ಳಲು ಬಂದಿದ್ದಳು. ಬರೆದು, ಸೀಲು ಒತ್ತಲು ಟೇಬಲ್ಲಿನ ಮೇಲೆ ಬಾಗಿದೆ. ಎದೆ ಟೇಬಲ್ಲಿನ ಅಂಚಿಗೆ ತಾಗಿತು. ಒಳಗೆ ಏನೋ ಪಚಕ್ಕೆಂದಿತು, ಅಂಗಿ ಒದ್ದೆಯಾಯಿತು. ನೋಡಿದರೆ ಹಳದಿ ನೀರು, ಅದರಲ್ಲಿ ಒಡೆದ ಹಾಲಿನಂಥ ಬಿಳಿ ಚೂರುಗಳು. ಒಂದು ಚೂರು ಜಾರಿ ಆ ಹುಡುಗಿಯ ಹೆಸರಿನ ಮೇಲೆ ಬಿತ್ತು. ನಾನು ಏನು ಮಾಡಿದೆ ಗೊತ್ತೇ? ಅಂಗೈಯಿಂದ ಒರೆಸಿಬಿಟ್ಟೆ. ಶಾಯಿಯೂ ಅದೂ ಸೇರಿ ಕಾಗದದ ತುಂಬ ಹರಡಿತು. ಆ ತಾಯಿ ಸೆರಗಿನಿಂದ ಮೂಗು ಮುಚ್ಚಿ ಎರಡು ಹೆಜ್ಜೆ ಹಿಂದೆ ಸರಿದಳು.

"ಬ್ಯಾಡ್ರಿ, ಆ ಕಾಗದ ನನಗ ಬ್ಯಾಡ," ಎಂದಳು.

ಹೆಡ್‌ಮಾಸ್ತರರು ಬಾಗಿಲಲ್ಲೇ ನಿಂತು, "ಮೊದಲ ಮನಿಗಿ ಹೋಗ್ರಿ," ಎಂದರು. ನನ್ನ ಕುರ್ಚಿಯನ್ನು ಜವಾನ ಫಿನಾಯಿಲಿನಿಂದ ತೊಳೆಯುವುದನ್ನು ಗೇಟಿನಿಂದ ನೋಡಿದೆ. ಅವನ ಮೇಲೆ ಸಿಟ್ಟು ಬರಲಿಲ್ಲ. ನನ್ನ ಮೂಗಿಗೇ ನನ್ನ ವಾಸನೆ ಸಹಿಸಲು ಆಗುತ್ತಿರಲಿಲ್ಲ.

ಶಹಾಪುರದ ದವಾಖಾನೆಯವರು ಯಾದಗಿರಿಗೆ ಕಳಿಸಿದರು. ಅಲ್ಲಿಯ ದೊಡ್ಡ ದವಾಖಾನೆಯ ಹೊರಗಿನ ಹಾಲಿನಲ್ಲಿ ನಾನೂ ಶರಣಮ್ಮನೂ ಕಾಯುತ್ತ ಕಳೆದ ಹೊತ್ತನ್ನು ಕೂಡಿಸಿದರೆ ಒಂದು ವಾರವಾದರೂ ಆದೀತು. ಗೋಡೆಯ ಮೂಲೆಗಳೆಲ್ಲ ಗುಟ್ಕಾದ ಕೆಂಪು. ಉಗುಳಬಾರದು ಎಂದು ಬರೆದ ಹಲಗೆಯ ಮೇಲೇ ಯಾರೋ ಗುರಿಯಿಟ್ಟು ಉಗುಳಿದ್ದರು. ನನ್ನ ಎದೆಗೆ ಟವೆಲ್ ಅಂಟಿಕೊಂಡಿತ್ತು, ಅದರ ಮೇಲೆ ನೊಣ. ನಾನು ಕೂತ ಬೆಂಚು ತಾನಾಗಿ ಖಾಲಿಯಾಗುತ್ತಿತ್ತು. ಒಂದು ದಿನ ಬೆಂಚುಗಳೆಲ್ಲ ತುಂಬಿ ನಾನು ನಿಂತೇ ಇದ್ದಾಗ, ರಾಮಸಮುದ್ರದಿಂದ ಬಂದ ಮುದುಕಿಯೊಬ್ಬಳು ಸರಿದು ಜಾಗ ಮಾಡಿದಳು.

"ಕೂಡಪಾ. ವಾಸನಿಗಿ ಯಾರೂ ಸತ್ತಿಲ್ಲ," ಎಂದಳು.

ಅವಳ ಹೆಸರು ಕೇಳಲೂ ಇಲ್ಲ. ಶರಣಮ್ಮನನ್ನು ಬಿಟ್ಟರೆ ಇಡೀ ದವಾಖಾನೆಯಲ್ಲಿ ನನ್ನ ಪಕ್ಕ ತಾನಾಗಿ ಕೂತವಳು ಅವಳೊಬ್ಬಳೇ.

ಸೂಜಿ ಹಾಕಿ ಕೀವು ತೆಗೆದರು, ಸ್ಕ್ಯಾನ್ ಮಾಡಿದರು. ರಿಪೋರ್ಟು ಬಂದ ದಿನ ಸರ್ಜನ್ ತಮ್ಮ ಕೋಣೆಯಲ್ಲಿ ತೂಗುಹಾಕಿದ ಪ್ಲಾಸ್ಟಿಕ್ ಅಸ್ಥಿಪಂಜರದ ಹತ್ತಿರ ಕರೆದರು. ಅದರ ಭುಜಕ್ಕೆ ಯಾರೋ ಛತ್ರಿ ನೇತುಹಾಕಿದ್ದರು. ಡಾಕ್ಟರು ಪೆನ್ನಿನಿಂದ ಪಕ್ಕೆಲುಬುಗಳನ್ನು ಒಂದೊಂದಾಗಿ ತಟ್ಟಿದರು.

"ಇವು ಹಿಂದ ಬೆನ್ನೆಲುಬಿನಿಂದ ಹೊಂಟು ಮುಂದ ಬರ್ತಾವ. ಮ್ಯಾಲಿನ ಏಳು ಜೋಡಿ ಈ ನಡುವಿನ ಪಟ್ಟಿಗಿ ಬಂದು ಕೂಡ್ತಾವ. ಇದೇ ಎದಿಮೂಳಿ. ಮ್ಯಾಲಷ್ಟ ಗಟ್ಟಿ, ಒಳಗ ಟೋಸ್ಟಿನಂಗ ತೂತು ತೂತು. ನಿಮ್ಮದು ಇಲ್ಲಿ ಕೊಳತದ. ಟಿಬಿ."

ನಾನು ನಕ್ಕುಬಿಟ್ಟೆ. "ಟಿಬಿ ಪುಪ್ಪಸಕ್ಕ ಬರ್ತದಲ್ರಿ ಸಾಹೇಬ್ರ? ನನಗ ಕೆಮ್ಮೇ ಇಲ್ಲ."

"ಎಲುಬಿಗೂ ಬರ್ತದ. ನಿಮ್ಮ ಪುಪ್ಪಸ ಸ್ವಚ್ಛ ಅದ, ನಿಮ್ಮಿಂದ ಯಾರಿಗೂ ಹತ್ತಂಗಿಲ್ಲ. ಆದರ ನಿಮಗ ಯಾರಿಂದಲೋ ಬಂದದ. ಮನ್ಯಾಗ, ಸಂಗಡ ಓಡಾಡೋರಾಗ, ಭಾಳ ದಿನದಿಂದ ಕೆಮ್ಮೋರು ಯಾರರ ಅದಾರೇನು?"

ಆ ಕ್ಷಣ ನನ್ನ ಕಣ್ಣಿಗೆ ಬಂದದ್ದು ಅಣ್ಣ. ನಾನು ಅವನ ಜೊತೆ ಹೊಳೆಗಿಳಿಯುವ ಮುಂಚಿನಿಂದ ಅವನಿಗೆ ಕೆಮ್ಮು. ಬಲೆ ಬಿಡುತ್ತ ಬಿಡುತ್ತ ಕೆಮ್ಮುತ್ತಿದ್ದ, ಹೊಳೆಗೆ ಉಗುಳುತ್ತಿದ್ದ, ಬೀಡಿಯ ಕೆಮ್ಮು ಎನ್ನುತ್ತಿದ್ದ. ಒಂದೇ ಬುಟ್ಟಿಯಲ್ಲಿ ನಾನು ಅವನ ಉಸಿರಿನಷ್ಟು ಹತ್ತಿರ ಕೂತಿದ್ದೆ. ಆದರೆ ಹೆಸರು ಬಾಯಿಗೆ ಬರಲಿಲ್ಲ. ಬಂದದ್ದು ವೈನಿಯ ಮೀನಿನ ಬುಟ್ಟಿಯ ಯೋಚನೆ. ಟಿಬಿ ಇದ್ದವನು ಹಿಡಿದ ಮೀನು ಎಂದು ಒಬ್ಬರ ಬಾಯಿಂದ ಬಂದರೆ ಸಾಕು, ಸುರಪುರದಲ್ಲಿ ಆ ಬುಟ್ಟಿಯ ಮುಂದೆ ನಾಯಿಯೂ ನಿಲ್ಲುವುದಿಲ್ಲ.

"ಯಾರೂ ಇಲ್ರಿ," ಎಂದೆ.

ಶರಣಮ್ಮ ನನ್ನ ಮುಖ ನೋಡಿದಳು. ಅವಳಿಗೆ ಗೊತ್ತಿತ್ತು. ಆದರೆ ಗಂಡನ ಮನೆತನದ ಮಾತು ಎಂದು ರಿಪೋರ್ಟನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

ಆಪರೇಷನ್ ಮಾಡಿ ಕೊಳೆತ ಮೂಳೆಯನ್ನು ಕೆರೆದು ತೆಗೆದರು. ಆ ಚೂರುಗಳನ್ನು ಒಂದು ಸೀಸೆಯಲ್ಲಿ ಹಾಕಿ ಪರೀಕ್ಷೆಗೆ ಕಳಿಸುವಾಗ ಶರಣಮ್ಮನ ಕೈಗೇ ಕೊಟ್ಟರು. ಅವಳು ಅದನ್ನು ನನಗೆ ತೋರಿಸಲಿಲ್ಲ, ನಾನೇ ಹಟ ಮಾಡಿ ನೋಡಿದೆ. ಬೂದುಬಣ್ಣದ ತೊಯ್ದ ಪುಡಿ. ಅದು ನನ್ನ ಎದೆಯೊಳಗಿನಿಂದ ಬಂದದ್ದು ಎಂದು ನಂಬಲು ನನಗೆ ಇಷ್ಟವಿರಲಿಲ್ಲ.

ಗಾಯವನ್ನು ಹೊಲಿಯಲಿಲ್ಲ, ತೆರೆದೇ ಬಿಟ್ಟರು. ಕಿರುಬೆರಳು ಹೋಗುವಷ್ಟು ತೂತು. ಅದರೊಳಗೆ ದಿನಾ ಬಟ್ಟೆಯ ಪಟ್ಟಿ ತುಂಬುವುದು, ಮರುದಿನ ಹೊರಗೆ ಎಳೆಯುವುದು. ಆ ಪಟ್ಟಿ ಎಳೆದಷ್ಟೂ ಬರುತ್ತಿತ್ತು, ಮುಗಿಯುತ್ತಲೇ ಇರಲಿಲ್ಲ. ದವಾಖಾನೆಯಲ್ಲಿದ್ದಷ್ಟು ದಿನ ಒಬ್ಬ ಗಂಡು ನರ್ಸ್ ಅದನ್ನು ಮಾಡಿದರು. ಅವರು ಮುಖ ಸಿಂಡರಿಸಲಿಲ್ಲ, ಅಯ್ಯೋ ಪಾಪ ಎಂದೂ ಅನ್ನಲಿಲ್ಲ. ಪಟ್ಟಿ ಎಳೆಯುತ್ತ, "ಇವತ್ತ ನಮ್ಮನ್ಯಾಗ ಪುಂಡಿಪಲ್ಯ ಮಾಡ್ಯಾರ, ಬಳ್ಳೊಳ್ಳಿ ಭಾಳ ಹಾಕಿರ್ತಾರ," ಎಂದು ಊಟದ ಸುದ್ದಿ ಹೇಳುತ್ತಿದ್ದರು. ನನ್ನ ತೂತಿನ ಮುಂದೆ ನಿಂತು ಒಬ್ಬ ಮನುಷ್ಯನಿಗೆ ಪಲ್ಯದ ನೆನಪಾಗುತ್ತದೆಂಬುದು ನನಗೆ ದೊಡ್ಡ ಸಮಾಧಾನ ಕೊಟ್ಟಿತು.

ಮನೆಗೆ ಬಂದ ಮೇಲೆ ಆ ಕೆಲಸ ಶರಣಮ್ಮನ ಪಾಲಿಗೆ ಬಂತು. ಮೊದಲ ದಿನ ಅವಳು ಅರ್ಧಕ್ಕೆ ಎದ್ದು ಓಡಿ ಬಚ್ಚಲಲ್ಲಿ ವಾಂತಿ ಮಾಡಿಕೊಂಡಳು. ಬಾಯಿ ತೊಳೆದು ಬಂದು ಉಳಿದರ್ಧ ಮುಗಿಸಿದಳು. ನನಗೆ ಕೃತಜ್ಞತೆ ಬರಬೇಕಿತ್ತು, ಬಂದದ್ದು ಸಿಟ್ಟು. ಎರಡು ದಿನ ಅವಳನ್ನು ಮಾತಾಡಿಸಲಿಲ್ಲ. ಗುಳಿಗೆ ನುಂಗಿದರೆ ಉಚ್ಚೆ ಕೇಸರಿ ಬಣ್ಣ, ಬಾಯಲ್ಲಿ ತುಕ್ಕಿನ ರುಚಿ, ರೊಟ್ಟಿ ಕಂಡರೆ ಓಕರಿಕೆ. ನನ್ನ ಮೈಯನ್ನು ಎಲ್ಲಾದರೂ ಕಳಚಿಟ್ಟು ಬರಲು ಆಗುವಂತಿದ್ದರೆ ಬಿಟ್ಟುಬರುತ್ತಿದ್ದೆ.

ಟಿಬಿ ವಿಭಾಗದ ಬಸವರಾಜ ಸರ್ ಮೋಟರ್ ಸೈಕಲ್ ಮೇಲೆ ಮನೆಗೆ ಬಂದರು. ಶರಣಮ್ಮನ ಪರೀಕ್ಷೆ ಮಾಡಿಸಿದರು, ಏನೂ ಇರಲಿಲ್ಲ. ಡಾಕ್ಟರು ಕೇಳಿದ್ದನ್ನೇ ಅವರೂ ಕೇಳಿದರು. ನಾನು ಮತ್ತೆ ಅದೇ ಸುಳ್ಳು ಹೇಳಿದೆ. ಈ ಸಲ ನಾಲಿಗೆ ತಡವರಿಸಲೂ ಇಲ್ಲ.

ಅದಾದ ಮುಂದಿನ ವಾರ ಅಣ್ಣ, ವೈನಿ, ಗಂಗಿ ನನ್ನನ್ನು ನೋಡಲು ಬಂದರು. ವೈನಿ ಒಂದು ದೊಡ್ಡ ಮೀನು ತಂದಿದ್ದಳು. ಅಣ್ಣ ಒಳಗೆ ಬರಲಿಲ್ಲ, ಹೊರಗಿನ ಕಟ್ಟೆಯ ಮೇಲೇ ಕೂತ. ನನ್ನ ವಾಸನೆಗೆ ಹೇಸಿದ್ದಾನೆ ಎಂದುಕೊಂಡು ನನಗೆ ಅವಮಾನವಾಯಿತು. ಕಿಟಕಿಯಿಂದ ನೋಡಿದರೆ ಅವನು ಕೆಮ್ಮಿ ಚರಂಡಿಗೆ ಉಗುಳಿದ. ಉಗುಳಿನಲ್ಲಿ ಕೆಂಪಿತ್ತು. ಅವನು ಎಲೆ ಅಡಿಕೆ ಹಾಕುವವನಲ್ಲ.

ಅಷ್ಟರಲ್ಲಿ ಗಂಗಿ ನನ್ನ ಮಂಚದ ಹತ್ತಿರ ಬಂದು, "ಕಾಕಾ, ತೂತು ತೋರ್ಸು," ಎಂದು ಕತ್ತು ಎತ್ತಿದಳು. ದವಡೆಯ ಕೆಳಗೆ ಬೋರೆಹಣ್ಣಿನಷ್ಟು ಗಂಟು.

"ಇದೇನ ವೈನಿ?"

"ಹಾಲಹಲ್ಲು ಬೀಳಾಕತ್ತಾವಲ್ಲ, ಅದರ ಬಾವು," ಎಂದಳು ವೈನಿ.

ನಾನು ಬೆರಳಿನಿಂದ ಮುಟ್ಟಿದೆ. ನೋವಿಲ್ಲ. ಬಿಸಿಯಿಲ್ಲ. ಮೆತ್ತಗೆ ಒಳಗೆ ಹೋಯಿತು. ನನ್ನ ಎದೆಯ ಮೇಲೆ ಮೂರು ತಿಂಗಳು ನಾನು ಸವರಿಕೊಂಡ ಗಂಟಿನ ಹಾಗೆಯೇ ಇತ್ತು. ಅವತ್ತಿನವರೆಗೆ ನನಗೆ ಹೇಸಿಗೆ ಎಂದರೆ ಕೀವು, ನೊಣ, ವಾಸನೆ. ಅವನ್ನೆಲ್ಲ ಡೆಟಾಲ್ ಹಾಕಿ ತೊಳೆಯಬಹುದಿತ್ತು. ಎರಡು ಸಲ "ಯಾರೂ ಇಲ್ರಿ" ಎಂದ ಬಾಯಿಯನ್ನು ಏನು ಹಾಕಿ ತೊಳೆಯಲಿ? ನಾನು ಮೀನಿನ ಬುಟ್ಟಿಯನ್ನು ಕಾಯುತ್ತ ಕೂತಿದ್ದಾಗ ಈ ಮಗುವಿನ ಕೊರಳು ಊದಿತ್ತು.

ಹೊರಗೆ ಹೋಗಿ ಅಣ್ಣನ ಮುಂದೆ ನಿಂತೆ.

"ಅಣ್ಣ, ನೀ ಕಫ ಪರೀಕ್ಷಾ ಮಾಡಿಸು. ಗಂಗಿನ್ನೂ ತೋರಿಸು."

ಅವನ ಮುಖ ಕಪ್ಪಿಟ್ಟಿತು. "ನಿನ್ನ ಹೊಲಸು ನನ್ನ ಮ್ಯಾಲ ಚೆಲ್ಲಬ್ಯಾಡಲೇ. ಪ್ಯಾಟ್ಯಾಗ ಕಂಡಕಂಡಲ್ಲಿ ತಿಂದು ರೋಗ ಹಚಗೊಂಡಿ, ಈಗ ನನ್ನ ಹೆಸರು ಹೇಳ್ತಿ?"

ವೈನಿ ಬಾಗಿಲಿಗೆ ಬಂದಳು. "ಹಿಂತಾ ಮಾತು ಜೋರಾಗಿ ಆಡಬ್ಯಾಡ್ರಿ. ನಾಳಿ ಬಜಾರದಾಗ ನನ್ನ ಬುಟ್ಟಿ ಮುಂದ ಯಾರು ನಿಂದರ್ತಾರ?"

ಚಹಾ ಕುಡಿಯದೆ ಎದ್ದು ಹೋದರು. ಅವರು ಓಣಿ ದಾಟುವ ಮೊದಲೇ ನಾನು ಬಸವರಾಜ ಸರ್‌ಗೆ ಫೋನ್ ಮಾಡಿ ಅಣ್ಣನ ಹೆಸರು, ಊರು, ಮನೆಯ ಗುರುತು ಎಲ್ಲ ಹೇಳಿದೆ.

ಬಸವರಾಜ ಸರ್ ಎರಡು ವಾರದಲ್ಲಿ ಮೂರು ಸಲ ಹೋದರು. ಮೋಟರ್ ಸೈಕಲ್ ಸದ್ದು ಕೇಳಿದ ಕೂಡಲೇ ಅಣ್ಣ ಹರಿಗೋಲು ತಳ್ಳಿಕೊಂಡು ಹೊಳೆಯ ನಡುವೆ ಹೋಗಿ ಕೂತುಬಿಡುತ್ತಿದ್ದ. ಇವರು ದಂಡೆಯಲ್ಲಿ ನಿಂತು ಕೂಗುವುದು, ಅವನು ಅಲ್ಲಿಂದ, "ಬಲಿ ಬಿಟ್ಟೀನ್ರಿ, ಬರಾಕ ಆಗಂಗಿಲ್ಲ!" ಎನ್ನುವುದು. ಬಲೆ ಮನೆಯ ಗೂಟಕ್ಕೇ ನೇತಾಡುತ್ತಿತ್ತು. ಮೂರನೆಯ ಸಲ ಅವರು ನನಗೆ ಫೋನ್ ಮಾಡಿದರು.

"ನಿಮ್ಮಣ್ಣ ನೀರಾಗ ಇರೋ ತನಕ ನಾ ಏನ ಮಾಡ್ಲಿರಿ? ನನಗ ಈಸಾಕ ಬರಂಗಿಲ್ಲ. ಕಫದ ಡಬ್ಬಿ ನಿಮ್ಮ ವೈನಿ ಕೈಯಾಗ ಕೊಟ್ಟು ಬಂದೀನಿ."

ಮುಂದಿನ ಪರಿಣಾಮವನ್ನು ಇಲ್ಲೇ ಹೇಳಿಬಿಡುತ್ತೇನೆ. ಅಣ್ಣನ ಕಫದಲ್ಲಿ ಟಿಬಿ ಇತ್ತು, ಗಂಗಿಯ ಕೊರಳಲ್ಲೂ ಇತ್ತು. ಇಬ್ಬರೂ ಆರು ತಿಂಗಳು ಗುಳಿಗೆ ನುಂಗಿ ಈಗ ಆರಾಮಾಗಿದ್ದಾರೆ. ನನ್ನದು ಮೂಳೆಯದ್ದಾದ್ದರಿಂದ ಇನ್ನೂ ಕೆಲವು ತಿಂಗಳು ಬಾಕಿ ಇದೆ. ವೈನಿ ಹೆದರಿದ್ದೂ ಸುಳ್ಳಾಗಲಿಲ್ಲ. ಸುದ್ದಿ ಬಜಾರು ಮುಟ್ಟಿತು, ಬಹಳ ದಿನ ಅವಳ ಬುಟ್ಟಿ ತುಂಬಿದಂತೆಯೇ ಮನೆಗೆ ವಾಪಸು ಬಂತು. ಕೊಳೆತ ಮೀನನ್ನು ಹೊಳೆಗೆ ಸುರಿಯುವಾಗ ಅವಳು ನನ್ನನ್ನು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಆದರೆ ನಾನು ಹೇಳಬೇಕೆಂದು ಕೂತದ್ದು ಆ ಡಬ್ಬಿ ತುಂಬಿದ್ದು ಹೇಗೆ ಎಂಬುದನ್ನು.

ಅದೊಂದು ಭಾನುವಾರದ ಬೆಳಗು. ಆಪರೇಷನ್ ಆಗಿ ಎರಡು ತಿಂಗಳಾಗಿತ್ತು, ತೂತು ಮುಚ್ಚುತ್ತ ಬಂದಿತ್ತು. ತುಂಬಿದ ಕೊಡವನ್ನೂ ಎತ್ತಬಾರದು ಎಂದಿದ್ದರು ಡಾಕ್ಟರು. ಮೊದಲ ಬಸ್ಸಿಗೆ ಊರಿಗೆ ಹೋದೆ. ದಂಡೆಯಲ್ಲಿ ಅಣ್ಣ ನನ್ನನ್ನು ಕಂಡವನೇ ಹರಿಗೋಲು ತಳ್ಳಿದ. ನಡುನೀರಿಗೆ ಹೋಗಿ ಬೆನ್ನು ಮಾಡಿ ಕೂತ. ನಾನು ಕೂಗಿದೆ. ಅವನ ಕೆಮ್ಮು ಮಾತ್ರ ಕೇಳಿಸಿತು.

ವೈನಿ ಪಾತ್ರೆ ತಿಕ್ಕುತ್ತಿದ್ದಳು, ಪಕ್ಕದಲ್ಲಿ ಗಂಗಿ. ಅಪ್ಪನ ಹಳೆಯ ಹರಿಗೋಲು ದಂಡೆಯಲ್ಲಿ ಬೋರಲು ಬಿದ್ದಿತ್ತು. ನಾನು ಅದರ ಅಂಚು ಹಿಡಿದು ಎತ್ತಲು ನೋಡಿದೆ, ಆಗಲಿಲ್ಲ. ವೈನಿ ನನ್ನನ್ನು ನೋಡಿದಳು, ಗಂಗಿಯ ಕೊರಳನ್ನು ನೋಡಿದಳು. ಆಮೇಲೆ ಎದ್ದು ಬಂದು ಇನ್ನೊಂದು ಕಡೆ ಕೈಹಾಕಿ ಅದನ್ನು ಹೊರಳಿಸಿದಳು. ನೀರಿಗೆ ತಳ್ಳಿದಳು. ಸೊಂಟದಿಂದ ಆ ಡಬ್ಬಿಯನ್ನು ತೆಗೆದು ನನ್ನ ಕೈಯಲ್ಲಿಟ್ಟಳು.

"ಹುಟ್ಟು ಒಳಗ ಅದ," ಎಂದಳು, ಬೇರೆಲ್ಲೋ ನೋಡುತ್ತ.

ಯಾರೂ ನಾನು ಮಾಡಿದ್ದನ್ನು ಮಾಡಬೇಡಿ. ಮೊಣಕಾಲೂರಿ ಎದೆಯನ್ನು ಅಂಚಿಗೆ ಒತ್ತಿದ ಕೂಡಲೇ ಕಣ್ಣು ಕತ್ತಲಿಟ್ಟಿತು. ಹತ್ತು ಸಲ ಹುಟ್ಟು ಎಳೆಯುವಷ್ಟರಲ್ಲಿ ಪಕ್ಕೆಲುಬುಗಳೆಲ್ಲ ಮುಂದೆ ಬಂದು ಕೂಡುವ ಆ ಜಾಗ ಸೀಳಿಹೋಗುತ್ತದೆ ಎನಿಸಿತು. ಅಂಗಿ ಒದ್ದೆಯಾಯಿತು, ಹಳೆಯ ವಾಸನೆ ಮೂಗಿಗೆ ಬಡಿಯಿತು. ಹರಿಗೋಲು ನೆಟ್ಟಗೆ ಹೋಗದೆ ಗಿರಗಿರ ತಿರುಗತೊಡಗಿತು. ಬಗ್ಗಿ ನೀರಿಗೆ ವಾಂತಿ ಮಾಡಿದೆ. ತಲೆಯೆತ್ತಿದಾಗ ಅಣ್ಣ ನನ್ನ ಕಡೆ ತಿರುಗಿದ್ದ.

ಅವನು ಬಂದ ರಭಸಕ್ಕೆ ಎರಡು ಹರಿಗೋಲೂ ಢಿಕ್ಕಿ ಹೊಡೆದವು. ನನ್ನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ. ಅಂಗಿಯ ಮೇಲಿನ ಕೆಂಪು ಹಳದಿ ಕಲೆ ನೋಡಿದ.

"ಹುಚ್ಚ ಅದೀ ಏನಲೇ? ಸಾಯಾಕ ಬಂದೀ ಏನು?"

"ಡಬ್ಬಿ ತಂದೀನಿ," ಎಂದೆ.

"ನಾ ಉಗುಳಂಗಿಲ್ಲ ಅಂದ್ರ?"

"ಉಗುಳೋ ತನಕ ನಾ ದಂಡಿಗಿ ಹೋಗಂಗಿಲ್ಲ. ಹೋಗಾಕ ನನ್ನ ಕಡಿಂದ ಆಗೋದೂ ಇಲ್ಲ."

ಅವನು ತನ್ನ ಹುಟ್ಟನ್ನು ಒಳಗೆಳೆದು ಕಾಲಬುಡದಲ್ಲಿಟ್ಟ. ಆಮೇಲೆ ಕೈ ಚಾಚಿದ, ಡಬ್ಬಿ ಕೊಟ್ಟೆ. ಎದೆಯಾಳದಿಂದ ಎಳೆದು ಎಳೆದು ಕೆಮ್ಮಿದ, ಬೆನ್ನಿನ ಎಲುಬು ಒಂದೊಂದೂ ಅಂಗಿಯ ಮೇಲೆ ಮೂಡುವಷ್ಟು. ಅವನು ಇಷ್ಟು ಸೊರಗಿದ್ದನ್ನು ನಾನು ನೋಡಿಯೇ ಇರಲಿಲ್ಲ. ಮೂರು ಸಲ ಉಗುಳಿದ. ಹಸಿರು ಹಳದಿ ಗಟ್ಟಿ ಕಫ, ಅದರಲ್ಲಿ ಕೆಂಪು ಎಳೆ. ನಾನು ಕಣ್ಣು ತೆಗೆಯಲಿಲ್ಲ. ಅವನು ಡಬ್ಬಿಯನ್ನು ನನ್ನ ಅಂಗೈಯಲ್ಲಿಟ್ಟ. ಬೆಚ್ಚಗಿತ್ತು.

ಮುಚ್ಚಳವನ್ನು ಹುಡುಕಲು ನಾನು ತಡವರಿಸುತ್ತಿದ್ದೆ. ಅಣ್ಣ ತನ್ನ ಅಂಗೈಯನ್ನು ಡಬ್ಬಿಯ ಬಾಯಿಗೆ ಅಡ್ಡ ಹಿಡಿದ.

"ಲಗೂನ ಮುಚ್ಚಳ ಹಾಕಲೇ," ಎಂದ. "ಗಾಳಿ ದಂಡಿ ಕಡಿ ಬೀಸಾಕತ್ತದ. ಅಲ್ಲಿ ಗಂಗಿ ನಿಂತಾಳ."